ಕ್ಯಾನ್ಸರ್ ಸಂಶೋಧನೆಗೆ ಸರ್ಕಾರದ ಹಣ ಏಕೆ?

ವಿಜ್ಞಾನದ ವಿಷಯವಾಗಿ ಮಾತುಕತೆ ನಡೆದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಮಾತಿನಲ್ಲಿ ಹೇಳುವುದಾದರೆ ಅದು ಹೀಗಿರುತ್ತದೆ: "ನಮ್ಮೂರ ದವಾಖಾನ್ಯಾಗ ಡಾಕ್ಟರ್ ಇಲ್ಲ, ಗುಳಿಗಿ ಇಲ್ಲ. ಇಲಿ-ಮೊಲದ ಮ್ಯಾಲ ಸಂಶೋಧನಾ ಮಾಡೋರಿಗಿ ಸರ್ಕಾರ ಯಾಕ ರೊಕ್ಕ ಕೊಡಬೇಕ್ರಿ?"

ಈ ಪ್ರಶ್ನೆಯನ್ನು ಅಜ್ಞಾನದ ಪ್ರಶ್ನೆ ಎಂದು ತಳ್ಳಿಹಾಕುವವರಿದ್ದಾರೆ. ಅದು ಸರಿಯಲ್ಲ. ತೆರಿಗೆ ಕೊಡುವವನು, ವಾಡಿಯಲ್ಲಿ ಸಿಮೆಂಟ್ ಕೊಂಡರೂ ಶಹಾಬಾದದಲ್ಲಿ ಬೆಂಕಿಪೊಟ್ಟಣ ಕೊಂಡರೂ ಕೊಡುವವನೇ, ತನ್ನ ಹಣ ಎಲ್ಲಿ ಹೋಯಿತು ಎಂದು ಕೇಳಲು ಹಕ್ಕುಳ್ಳವನು. ಆದ್ದರಿಂದ ಇದಕ್ಕೆ ಉತ್ತರವನ್ನು ಹುಡುಕೋಣ. ಉತ್ತರ ಒಂದು ಮೊಲದಿಂದಲೇ ಆರಂಭವಾಗುತ್ತದೆ. ಮುಗಿಯುವುದು ನಿಮ್ಮಿಂದ ಬಹಳ ದೂರವಲ್ಲದ ಬಾರ್ಶಿಯ ಸುತ್ತಲಿನ ಹಳ್ಳಿಗಳಲ್ಲಿ.

ನಾವು ಮಾತನಾಡಲಿರುವುದು ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರ್ ಬಗ್ಗೆ. ವೈದ್ಯರು ಗರ್ಭಕಂಠದ ಕ್ಯಾನ್ಸರ್ ಎನ್ನುತ್ತಾರೆ. 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1,27,000 ಮಹಿಳೆಯರಿಗೆ ಈ ರೋಗ ಹೊಸದಾಗಿ ಕಾಣಿಸಿಕೊಂಡಿತು. ಸುಮಾರು 80,000 ಮಂದಿ ಅದರಿಂದ ಸತ್ತರು. ಸಾಯುವವರಲ್ಲಿ ಬಹಳ ಮಂದಿ ತಡವಾಗಿ ಬಂದವರು. ತೊಗರಿ ಹೊಲದಲ್ಲಿ, ಕಲ್ಲಿನ ಗಣಿಯಲ್ಲಿ ದುಡಿಯುವ ಹೆಣ್ಣುಮಗಳು ಬಿಳಿ ಸೆರಗು ಹೋದರೆ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಯಾರಿಗೂ ಹೇಳುವುದಿಲ್ಲ. ಹೇಳುವಷ್ಟು ನೋವಾಗುವ ಹೊತ್ತಿಗೆ ರೋಗ ಬೇರು ಬಿಟ್ಟಿರುತ್ತದೆ. ಆಗ ಹೈದರಾಬಾದು, ಸೊಲ್ಲಾಪುರ, ಬೆಂಗಳೂರು ಎಂದು ಅಲೆದಾಟ ಶುರುವಾಗುತ್ತದೆ.

ಆದರೆ ಕ್ಯಾನ್ಸರ್‌ಗಳಲ್ಲೆಲ್ಲ ಮೊದಲೇ ಹಿಡಿದು ನಿಲ್ಲಿಸಲು ಅತ್ಯಂತ ಅನುಕೂಲವಾದದ್ದು ಇದೇ. ಅದು ಹೇಗೆ ಗೊತ್ತಾಯಿತು?

ಅಮೆರಿಕದಲ್ಲಿ ಬೇಟೆಗಾರರು ತಲೆಯ ಮೇಲೆ ಕೊಂಬು ಬಂದಂತೆ ಕಾಣುವ ಕಾಡುಮೊಲಗಳ ಮಾತು ಆಡುತ್ತಿದ್ದರು. ರಿಚರ್ಡ್ ಶೋಪ್ ಎಂಬ ವಿಜ್ಞಾನಿ ಅದನ್ನು ಕಟ್ಟುಕಥೆ ಎಂದು ಬಿಡಲಿಲ್ಲ. ಆ ಕೊಂಬುಗಳು ಗಟ್ಟಿಯಾಗಿ ಬೆಳೆದ ನರುಲಿಗಳು, ಅವಕ್ಕೆ ಕಾರಣ ಒಂದು ವೈರಸ್ ಎಂದು 1933ರಲ್ಲಿ ತೋರಿಸಿದರು. ಅವರ ಸಹೋದ್ಯೋಗಿ ಪೇಟನ್ ರೌಸ್ ಅದೇ ನರುಲಿಗಳು ಕೆಲವು ಮೊಲಗಳಲ್ಲಿ ಕ್ಯಾನ್ಸರ್ ಆಗಿ ತಿರುಗುವುದನ್ನು ಕಂಡರು. ಈ ರೌಸ್ 1911ರಲ್ಲೇ ಕೋಳಿಯ ಗಡ್ಡೆಯೊಂದು ವೈರಸ್ಸಿನಿಂದ ಹರಡುತ್ತದೆ ಎಂದು ಹೇಳಿ, ಯಾರೂ ಕಿವಿಗೊಡದೆ, ಕೊನೆಗೆ 1966ರಲ್ಲಿ, ಅಂದರೆ 55 ವರ್ಷ ಕಾದು, ನೊಬೆಲ್ ಪಡೆದವರು. ಶೋಪ್ ಮತ್ತು ರೌಸ್ ಇದ್ದದ್ದು ರಾಕ್‌ಫೆಲ್ಲರ್ ಧರ್ಮದತ್ತಿಯ ಸಂಸ್ಥೆಯಲ್ಲಿ, ಸರ್ಕಾರದ್ದಲ್ಲ. ಹೊಸದನ್ನು ಕಂಡವರೆಲ್ಲ ಸರ್ಕಾರಿ ಸಂಬಳದವರೇ ಎಂದು ವಾದಿಸುವುದು ನನ್ನ ಉದ್ದೇಶವಲ್ಲ. ಆದರೆ ಧರ್ಮದತ್ತಿಯೂ ಲಾಭ ಕೇಳದ ಹಣವೇ ಎಂಬುದನ್ನು ಗಮನಿಸಿ.

ಈ ಮೊಲದ ಕಥೆ ಓದಿಕೊಂಡಿದ್ದವರಲ್ಲಿ ಒಬ್ಬರು ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್. 1970ರ ದಶಕದ ಆರಂಭದಲ್ಲಿ ಗರ್ಭಕಂಠದ ಕ್ಯಾನ್ಸರ್‌ಗೆ ಹರ್ಪಿಸ್ ಎಂಬ ಸರ್ಪಸುತ್ತಿನ ಕುಲದ ವೈರಸ್ ಕಾರಣವೆಂದು ದೊಡ್ಡ ದೊಡ್ಡವರೆಲ್ಲ ನಂಬಿದ್ದರು. ತ್ಸುರ್ ಹೌಸೆನ್ ಗಡ್ಡೆಯ ಚೂರುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಹರ್ಪಿಸ್‌ನ ಸುಳಿವೇ ಇಲ್ಲ. 1974ರಲ್ಲಿ ಫ್ಲೋರಿಡಾದ ಒಂದು ಸಮ್ಮೇಳನದಲ್ಲಿ ಹಾಗೆಂದು ಹೇಳಿದಾಗ ಸಭೆ ಅದನ್ನು ಒಪ್ಪಲಿಲ್ಲ. ಕಾರಣ ನರುಲಿಯ ವೈರಸ್ ಇರಬೇಕು ಎಂಬುದು ಅವರ ಊಹೆ. ಅದರಲ್ಲೂ ನೂರಾರು ಬಗೆಗಳಿವೆ. ಕೈಮೇಲಿನ ನರುಲಿಯದು ಬೇರೆ, ಗರ್ಭಕಂಠದ್ದು ಬೇರೆ. ಸರಿಯಾದದ್ದನ್ನು ಹುಡುಕಲು ಅವರಿಗೂ ಅವರ ಶಿಷ್ಯರಿಗೂ ಸುಮಾರು ಹತ್ತು ವರ್ಷ ಹಿಡಿಯಿತು. 1983ರಲ್ಲಿ 16ನೆಯ ಬಗೆ, 1984ರಲ್ಲಿ 18ನೆಯ ಬಗೆ ಸಿಕ್ಕವು. ಲೋಕದಲ್ಲಿ ಈ ಕ್ಯಾನ್ಸರ್‌ನ ಹತ್ತರಲ್ಲಿ ಏಳು ಪ್ರಕರಣಗಳಿಗೆ ಈ ಎರಡೇ ಕಾರಣ.

ಮಾನವ ಪ್ಯಾಪಿಲೋಮಾ ವೈರಸ್, ಚಿಕ್ಕದಾಗಿ ಎಚ್.ಪಿ.ವಿ., ಗಂಡುಹೆಣ್ಣಿನ ಸಂಪರ್ಕದಿಂದ ಹರಡುತ್ತದೆ. ಇದು ತಪ್ಪು ನಡತೆಯ ಗುರುತಲ್ಲ. ಮದುವೆಯಾದ ಬಹುತೇಕ ಎಲ್ಲರಿಗೂ ಜೀವನದಲ್ಲಿ ಒಮ್ಮೆಯಾದರೂ ತಗಲುವಂಥದು. ಒಂದೆರಡು ವರ್ಷದಲ್ಲಿ ಮೈ ಅದನ್ನು ತಾನೇ ತೊಡೆದುಹಾಕುತ್ತದೆ. ಕೆಲವರಲ್ಲಿ ಮಾತ್ರ ಅದು ಉಳಿದುಕೊಂಡು ಜೀವಕೋಶದೊಳಗೆ ಸೇರುತ್ತದೆ. ನಮ್ಮ ಜೀವಕೋಶಗಳಿಗೆ ಬೆಳವಣಿಗೆ ಮಿತಿಮೀರದಂತೆ ತಡೆಯುವ ಬ್ರೇಕುಗಳಿವೆ. ಈ ವೈರಸ್ಸಿನ ಎರಡು ಪ್ರೋಟೀನುಗಳು ಆ ಬ್ರೇಕುಗಳನ್ನೇ ಕೆಡಿಸುತ್ತವೆ. ಆದರೂ ಕ್ಯಾನ್ಸರ್ ಆಗಲು ಹತ್ತು-ಇಪ್ಪತ್ತು ವರ್ಷ ಬೇಕು. ಈ ದೀರ್ಘ ಅವಧಿಯೇ ನಮಗೆ ಸಿಕ್ಕ ವರ. ಅಷ್ಟರೊಳಗೆ ಒಮ್ಮೆ ನೋಡಿದರೆ ಸಾಕು, ಕೆಟ್ಟ ಭಾಗವನ್ನು ಸುಟ್ಟೋ ತೆಗೆದೋ ಮುಗಿಸಬಹುದು.

ಇನ್ನು ಹಣದ ವಿಷಯ. ತ್ಸುರ್ ಹೌಸೆನ್ 1983ರಿಂದ 2003ರವರೆಗೆ ಹೈಡೆಲ್‌ಬರ್ಗಿನ ಜರ್ಮನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದ ಮುಖ್ಯಸ್ಥರಾಗಿದ್ದರು. ಆ ಕೇಂದ್ರಕ್ಕೆ ಸರ್ಕಾರ ಕೊಡುವ ಮೂಲ ಅನುದಾನದಲ್ಲಿ ಶೇಕಡಾ 90 ಕೇಂದ್ರ ಸರ್ಕಾರದ್ದು, ಶೇಕಡಾ 10 ಆ ರಾಜ್ಯದ್ದು. ವೈರಸ್ ಸಿಕ್ಕ ಕೂಡಲೇ ಅವರು ಅದರ ವಂಶವಾಹಿಯ ತುಣುಕುಗಳನ್ನು ಕೇಳಿದ ಪ್ರಯೋಗಾಲಯಗಳಿಗೆಲ್ಲ ಹಂಚಿದರು. ಲಸಿಕೆ ಮಾಡಬಹುದು ಎಂದು ಔಷಧ ಕಂಪನಿಯ ಬಾಗಿಲನ್ನೂ ತಟ್ಟಿದರು. ಕಂಪನಿ ಪೇಟೆಯನ್ನು ಅಳೆದು ನೋಡಿ, ಇದಕ್ಕೆ ಗಿರಾಕಿ ಇಲ್ಲ ಎಂದು ಹೇಳಿ ಕಳುಹಿಸಿತು. ಮುಂದೆ ಲಕ್ಷಾಂತರ ಜೀವ ಉಳಿಸಲಿದ್ದ ವಸ್ತುವಿನ ಬಗ್ಗೆ 1980ರ ದಶಕದಲ್ಲಿ ಪೇಟೆ ಕೊಟ್ಟ ತೀರ್ಪು ಇದು. 2008ರಲ್ಲಿ ಅವರಿಗೆ ನೊಬೆಲ್ ಬಂದಿತು. 2023ರ ಮೇ ತಿಂಗಳಲ್ಲಿ ತೀರಿಕೊಂಡರು. ಲಸಿಕೆಯನ್ನು ಹುಡುಗಿಯರಿಗಷ್ಟೇ ಅಲ್ಲ, ಹುಡುಗರಿಗೂ ಕೊಡಬೇಕು, ಹರಡುವವರಲ್ಲಿ ಗಂಡಸರೂ ಇದ್ದಾರಲ್ಲ ಎಂದು ಅವರು ಕೊನೆಯವರೆಗೆ ವಾದಿಸುತ್ತಿದ್ದರು.

ನನ್ನ ದೃಷ್ಟಿಯಲ್ಲಿ ಇದರಿಂದ ಕಲಿಯಬೇಕಾದ್ದು ಕಂಪನಿಗಳು ಕೆಟ್ಟವು ಎಂದಲ್ಲ. ಕಂಪನಿ ಲೆಕ್ಕ ಹಾಕಲೇಬೇಕು. ಆದರೆ ಏನು ಸಿಗುತ್ತದೋ ಗೊತ್ತಿಲ್ಲದ ಆರಂಭದ ಹತ್ತು-ಹದಿನೈದು ವರ್ಷಗಳಲ್ಲಿ ಲೆಕ್ಕ ಹಾಕಲು ಅಂಕಿಯೇ ಇರುವುದಿಲ್ಲ. ಆ ಹೊತ್ತಿನಲ್ಲಿ ಹಣ ಕೊಡಬಲ್ಲದ್ದು ಸರ್ಕಾರ, ಇಲ್ಲವೆ ದಾನಿ.

ನಡುವೆ ಒಂದು ಮಾತು. ತ್ಸುರ್ ಹೌಸೆನ್‌ರ ತಂಡ 18ನೆಯ ಬಗೆಯನ್ನು ಹೀಲಾ ಎಂಬ ಹೆಸರಿನ ಜೀವಕೋಶಗಳಲ್ಲೂ ಕಂಡಿತು. ಆ ಜೀವಕೋಶಗಳು ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಬಡ ಕಪ್ಪು ಮಹಿಳೆಯವು. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಇದೇ ಕ್ಯಾನ್ಸರ್‌ನಿಂದ ಆಕೆ ಸತ್ತರು. ಆಕೆಯನ್ನು ಕೇಳದೆಯೇ ತೆಗೆದುಕೊಂಡ ಜೀವಕೋಶಗಳು ಲೋಕದ ಪ್ರಯೋಗಾಲಯಗಳಲ್ಲಿ ಇಂದಿಗೂ ಬೆಳೆಯುತ್ತಿವೆ. ಸಂಶೋಧನೆಗೆ ಹಣ ಕೊಟ್ಟವರ ಪಟ್ಟಿ ಬರೆಯುವಾಗ ಮೈಯನ್ನೇ ಕೊಟ್ಟವರನ್ನು ಮರೆಯುವುದು ರೂಢಿಯಾಗಿದೆ. ಈ ವಿಷಯಕ್ಕೆ ಮತ್ತೆ ಬರುತ್ತೇನೆ.

ಲಸಿಕೆಯ ದಾರಿ ತೆರೆದದ್ದು 1991ರಲ್ಲಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಇಯಾನ್ ಫ್ರೇಜರ್ ಮತ್ತು ಚೀನಾ ಮೂಲದ ಜಿಯಾನ್ ಝೌ ವೈರಸ್ಸಿನ ಹೊರಚಿಪ್ಪನ್ನು ಮಾತ್ರ ಪ್ರಯೋಗಾಲಯದಲ್ಲಿ ಕಟ್ಟಿದರು. ಒಳಗೆ ಏನೂ ಇಲ್ಲದ ಟೊಳ್ಳು ಚಿಪ್ಪು. ರೋಗ ತರಲಾರದು, ಆದರೆ ಮೈಗೆ ಶತ್ರುವಿನ ಗುರುತು ಕಲಿಸುತ್ತದೆ. ಅಮೆರಿಕದ ಸರ್ಕಾರಿ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಡಗ್ಲಸ್ ಲೋವಿ, ಜಾನ್ ಶಿಲ್ಲರ್ ಇದನ್ನು ಇನ್ನಷ್ಟು ಗಟ್ಟಿಗೊಳಿಸಿದರು. ಆಮೇಲೆ ಕಂಪನಿಗಳು ಬಂದವು. 2006ರಲ್ಲಿ ಅಮೆರಿಕದಲ್ಲಿ ಲಸಿಕೆಗೆ ಅನುಮತಿ ಸಿಕ್ಕಿತು. ಝೌ ಅದನ್ನು ನೋಡಲಿಲ್ಲ, 1999ರಲ್ಲೇ ತೀರಿಕೊಂಡಿದ್ದರು. ಲಸಿಕೆ ಭಾರತಕ್ಕೂ ಬಂದಿತು, ಆದರೆ ಒಂದು ಡೋಸಿಗೆ ಸಾವಿರಾರು ರೂಪಾಯಿ, ಆಗಿನ ನಿಯಮದಂತೆ ಮೂರು ಡೋಸು. ಗಣಿಯಲ್ಲಿ ದಿನಗೂಲಿ ಮಾಡುವ ತಾಯಿ ಅದನ್ನು ಮಗಳಿಗೆ ಹಾಕಿಸುವುದು ಕನಸಿನ ಮಾತು.

ಈಗ ನಿಮ್ಮ ನೆರೆಗೆ ಬರೋಣ. ವಾಡಿಯಲ್ಲಿ ರೈಲು ಹತ್ತಿ ಶಹಾಬಾದ, ಕಲಬುರಗಿ ದಾಟಿ ಸೊಲ್ಲಾಪುರದ ಆಚೆ ಕುರ್ಡುವಾಡಿಗೆ ಹೋದರೆ ಅಲ್ಲಿಂದ ಬಾರ್ಶಿಗೆ ದಾರಿ. ಈ ಊರಿನಲ್ಲಿ ನರ್ಗಿಸ್ ದತ್ ಹೆಸರಿನ ಕ್ಯಾನ್ಸರ್ ಆಸ್ಪತ್ರೆಯಿದೆ. 1987ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಬಾರ್ಶಿ, ಪರಂಡಾ, ಭೂಮ್ ತಾಲೂಕುಗಳ ಹಳ್ಳಿಗಳಲ್ಲಿ ಕ್ಯಾನ್ಸರ್ ನೋಂದಣಿಯನ್ನು ಆರಂಭಿಸಿತು. ಬೆಂಗಳೂರು, ಮುಂಬಯಿ, ಮದ್ರಾಸುಗಳಲ್ಲಿ ಅದಕ್ಕೆ ಮೊದಲೇ ಇತ್ತು. ಹಳ್ಳಿಗಾಡಿನಲ್ಲಿ ದೇಶಕ್ಕೇ ಇದು ಮೊದಲನೆಯದು. ನೋಂದಣಿ ಎಂದರೆ ಬರೀ ಲೆಕ್ಕ ಬರೆಯುವುದು. ಪಟ್ಟಣದಲ್ಲಾದರೆ ಆಸ್ಪತ್ರೆಯ ದಾಖಲೆ ನೋಡಿ ಬರೆಯಬಹುದು. ಹಳ್ಳಿಯ ರೋಗಿ ಆಸ್ಪತ್ರೆಗೇ ಬರುವುದಿಲ್ಲವಲ್ಲ! ಆದ್ದರಿಂದ ಕಾರ್ಯಕರ್ತರು ಹಳ್ಳಿಹಳ್ಳಿಗೆ ಹೋಗಿ, ಜನರನ್ನು ಮಾತನಾಡಿಸಿ, ಯಾರಿಗಾದರೂ ಇಂಥ ಲಕ್ಷಣವಿದೆಯೇ ಎಂದು ಕೇಳಿದರು.

ಆಗ ಯಾರೂ ಎಣಿಸದ ಒಂದು ಫಲ ಸಿಕ್ಕಿತು. ಹೀಗೆ ಕೇಳುತ್ತ ಹೋದ ಕೆಲವೇ ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ರೋಗಿಗಳು ಮೊದಲಿಗಿಂತ ಬೇಗ, ರೋಗ ಬಲಿಯುವ ಮುಂಚೆ, ಬರತೊಡಗಿದರು. 1995ರಲ್ಲಿ ಇದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಯಂತ್ರವಿಲ್ಲ, ಔಷಧವಿಲ್ಲ, ಮನೆಗೆ ಬಂದು ಕೇಳುವವರು ಇದ್ದರು, ಅಷ್ಟೇ. ಈ ಸಂಶೋಧನೆಯ ಮಾತು ನನಗೆ ನೊಬೆಲ್ ಬಂದದ್ದಕ್ಕಿಂತ ಹೆಚ್ಚು ಹಿಡಿಸುತ್ತದೆ ಎಂದರೆ ವಿಜ್ಞಾನಿಗಳು ನಕ್ಕಾರು. ನಗಲಿ.

ಈ ತಳಹದಿಯ ಮೇಲೆಯೇ ದೊಡ್ಡ ಪ್ರಯೋಗ ನಡೆಯಿತು. ಬಾರ್ಶಿಯ ನೆರೆಯ ಉಸ್ಮಾನಾಬಾದ್ ಜಿಲ್ಲೆ, 2023ರಿಂದ ಅದರ ಹೆಸರು ಧಾರಾಶಿವ, ಒಂದು ಕಾಲಕ್ಕೆ ಸೇಡಂ, ಚಿಂಚೋಳಿಗಳಂತೆಯೇ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅದೇ ಒಣ ಬೇಸಾಯ, ಅದೇ ಬಡತನ. ಅಲ್ಲಿನ 30ರಿಂದ 59 ವರ್ಷದ 1,31,746 ಆರೋಗ್ಯವಂತ ಮಹಿಳೆಯರನ್ನು, ಹಳ್ಳಿಗಳ 52 ಗುಂಪು ಮಾಡಿ, ಚೀಟಿ ಎತ್ತಿದ ಹಾಗೆ ನಾಲ್ಕು ಪಾಲು ಮಾಡಿದರು. ಮೊದಲನೆಯ ಪಾಲಿಗೆ ಎಚ್.ಪಿ.ವಿ. ಪರೀಕ್ಷೆ. ಎರಡನೆಯದಕ್ಕೆ ಜೀವಕೋಶಗಳನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಪರೀಕ್ಷೆ. ಮೂರನೆಯದಕ್ಕೆ ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನು ಗರ್ಭಕಂಠಕ್ಕೆ ಸವರಿ, ಒಂದು ನಿಮಿಷದಲ್ಲಿ ಬಿಳಿ ಕಲೆ ಮೂಡುತ್ತದೆಯೇ ಎಂದು ಕಣ್ಣಿನಿಂದ ನೋಡುವ ಪರೀಕ್ಷೆ. ನಾಲ್ಕನೆಯ ಪಾಲಿಗೆ ತಿಳಿವಳಿಕೆ ಮಾತ್ರ, ಪರೀಕ್ಷೆ ಇಲ್ಲ. ಬಾರ್ಶಿಯ ಡಾ. ನೇನೆ ಮೊದಲಾದವರು, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಲ್ಲಿದ್ದ, ಮೊದಲು ತಿರುವನಂತಪುರದಲ್ಲಿ ಕೆಲಸ ಮಾಡಿದ್ದ ಡಾ. ಶಂಕರನಾರಾಯಣನ್ ಸೇರಿ ಇದನ್ನು ನಡೆಸಿದರು. 1999ರಲ್ಲಿ ಆರಂಭ, 2009ರಲ್ಲಿ ಫಲಿತಾಂಶ.

ಒಂದೇ ಒಂದು ಸಲ ಎಚ್.ಪಿ.ವಿ. ಪರೀಕ್ಷೆ ಮಾಡಿ, ದೋಷವಿದ್ದವರಿಗೆ ಚಿಕಿತ್ಸೆ ಕೊಟ್ಟ ಪಾಲಿನಲ್ಲಿ 34,126 ಮಹಿಳೆಯರಿದ್ದರು. ಎಂಟು ವರ್ಷಗಳಲ್ಲಿ ಅವರಲ್ಲಿ ಈ ಕ್ಯಾನ್ಸರ್‌ನಿಂದ ಸತ್ತವರು 34. ಪರೀಕ್ಷೆಯಿಲ್ಲದ 31,488 ಮಹಿಳೆಯರಲ್ಲಿ ಸತ್ತವರು 64. ಅಂದರೆ ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಜೀವಮಾನದಲ್ಲಿ ಒಂದೇ ಪರೀಕ್ಷೆಯಿಂದ!

ಉಳಿದ ಎರಡು ಪರೀಕ್ಷೆಗಳಿಂದ ಅಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಹಾಗಾದರೆ ವಿನೆಗರ್ ಪರೀಕ್ಷೆ ನಿಷ್ಪ್ರಯೋಜಕವೆ? ಅವಸರಪಡಬೇಡಿ. ಮುಂಬಯಿಯ ಕೊಳಚೆ ಪ್ರದೇಶಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ಸುರೇಂದ್ರ ಶಾಸ್ತ್ರಿಯವರ ತಂಡ ಸುಮಾರು ಒಂದೂವರೆ ಲಕ್ಷ ಮಹಿಳೆಯರಲ್ಲಿ ಇನ್ನೊಂದು ಪ್ರಯೋಗ ಮಾಡಿತು. ಹತ್ತನೆಯ ತರಗತಿ ಓದಿದ ಸ್ಥಳೀಯ ಹೆಣ್ಣುಮಕ್ಕಳಿಗೆ ನಾಲ್ಕು ವಾರ ತರಬೇತಿ ಕೊಟ್ಟು, ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಸುತ್ತು ವಿನೆಗರ್ ಪರೀಕ್ಷೆ ಮಾಡಿಸಿತು. ಸಾವು ಶೇಕಡಾ 31ರಷ್ಟು ಕಡಿಮೆಯಾಯಿತು ಎಂದು 2014ರಲ್ಲಿ ಪ್ರಕಟವಾಯಿತು. ಕಣ್ಣಿನ ಪರೀಕ್ಷೆ ನೋಡುವವರ ಪಳಗಿದ ಕಣ್ಣನ್ನೂ, ಮತ್ತೆ ಮತ್ತೆ ನೋಡುವುದನ್ನೂ ಅವಲಂಬಿಸಿದೆ. ವೈರಸ್ ಪರೀಕ್ಷೆಯ ತೀರ್ಪು ಯಂತ್ರದ್ದು. ಒಮ್ಮೆ 'ಇಲ್ಲ' ಎಂದರೆ ಆ ಮಹಿಳೆ ಹಲವು ವರ್ಷ ನಿಶ್ಚಿಂತೆಯಿಂದ ಇರಬಹುದು. ಉಸ್ಮಾನಾಬಾದಿನಲ್ಲಿ ವೈರಸ್ ಪರೀಕ್ಷೆಯಲ್ಲಿ 'ಇಲ್ಲ' ಎನಿಸಿಕೊಂಡವರಿಗೆ ಮುಂದೆ ಕ್ಯಾನ್ಸರ್ ಬಂದ ಪ್ರಮಾಣ, ಉಳಿದೆರಡು ಪರೀಕ್ಷೆಗಳಲ್ಲಿ 'ಇಲ್ಲ' ಎನಿಸಿಕೊಂಡವರಿಗೆ ಬಂದದ್ದರ ಸುಮಾರು ಕಾಲುಭಾಗ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಈ ರೋಗವನ್ನು ತೊಡೆದುಹಾಕುವ ಯೋಜನೆ ಹೊರಡಿಸಿದಾಗ, ಶೇಕಡಾ 70ರಷ್ಟು ಮಹಿಳೆಯರಿಗೆ 35ರ ಹೊತ್ತಿಗೆ ಒಮ್ಮೆ, 45ರ ಹೊತ್ತಿಗೆ ಇನ್ನೊಮ್ಮೆ ಇಂಥ ಉತ್ತಮ ಪರೀಕ್ಷೆ ಆಗಲಿ ಎಂದಿತು.

ಈ ಎರಡು ಪ್ರಯೋಗಗಳಿಗೆ ಹಣ ಎಲ್ಲಿಂದ ಬಂತು ಎಂದು ನೀವು ಕೇಳಬೇಕು. ಮುಂಬಯಿಯದಕ್ಕೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಿಂದ, ಅಂದರೆ ಅಲ್ಲಿನ ತೆರಿಗೆದಾರರಿಂದ. ಉಸ್ಮಾನಾಬಾದಿನದಕ್ಕೆ ಗೇಟ್ಸ್ ದತ್ತಿಯಿಂದ. ನಮ್ಮ ಹೆಣ್ಣುಮಕ್ಕಳ ರೋಗ, ನಮ್ಮ ವೈದ್ಯರು, ನಮ್ಮ ಹಳ್ಳಿಗಳು. ಹಣ ಮಾತ್ರ ಹೊರಗಿನದು. ಇದು ನನಗೆ ಸಮಾಧಾನ ಕೊಡುವ ಸಂಗತಿಯಲ್ಲ. ಹಣ ಕೊಟ್ಟವರು ಪ್ರಶ್ನೆಯನ್ನೂ ಆರಿಸುತ್ತಾರೆ.

ಇನ್ನೊಂದು ಗಂಭೀರ ಆಕ್ಷೇಪವಿದೆ. ಪರೀಕ್ಷೆಯಿಂದ ಜೀವ ಉಳಿಯುತ್ತದೆ ಎಂದು ಬೇರೆ ದೇಶಗಳ ಅನುಭವದಿಂದ ಗೊತ್ತಿದ್ದರೂ ಸಾವಿರಾರು ಮಹಿಳೆಯರನ್ನು ಪರೀಕ್ಷೆಯಿಲ್ಲದೆ ಬರೀ ಹೋಲಿಕೆಗಾಗಿ ಗಮನಿಸುತ್ತ ಇದ್ದದ್ದು ಸರಿಯೆ ಎಂದು ಕೆಲವು ವೈದ್ಯರು ಬಹಿರಂಗವಾಗಿಯೇ ಕೇಳಿದರು. ಆ ಹಳ್ಳಿಗಳಲ್ಲಿ ಆಗ ಯಾರಿಗೂ ಯಾವ ಪರೀಕ್ಷೆಯೂ ಇರಲಿಲ್ಲ, ಹೋಲಿಕೆಯಿಲ್ಲದೆ ಬಡ ದೇಶಕ್ಕೆ ಯಾವುದು ಸೂಕ್ತವೆಂದು ತಿಳಿಯದು ಎಂಬುದು ಸಂಶೋಧಕರ ಉತ್ತರ. ಎರಡು ಮಾತಿನಲ್ಲೂ ಸತ್ಯವಿದೆ ಎಂದು ಒಪ್ಪಿಕೊಂಡರೂ, ಆ 64 ಎಂಬುದು ಬರೀ ಅಂಕಿಯಲ್ಲ. ಅಷ್ಟು ಹೆಂಗಸರು ಪರೀಕ್ಷೆಯಿಲ್ಲದ ಪಾಲಿಗೆ ಬಿದ್ದದ್ದು ಚೀಟಿ ಎತ್ತಿದ್ದರಿಂದ. ಆ ಅಂಕಿಯ ಫಲ ಲೋಕಕ್ಕೆಲ್ಲ ಸಿಕ್ಕಿತು. ಅದನ್ನು ಮೊದಲು ಪಡೆಯಬೇಕಾದವರು ಅವರ ಹೆಣ್ಣುಮಕ್ಕಳು, ಸೊಸೆಯಂದಿರು ಮತ್ತು ಅವರಂಥ ಹಳ್ಳಿಗಳಲ್ಲಿರುವವರು.

ಲಸಿಕೆಯ ವಿಷಯದಲ್ಲಿ ಇನ್ನೂ ವಿಚಿತ್ರವಾದದ್ದು ನಡೆಯಿತು. 2009ರ ಸೆಪ್ಟೆಂಬರಿನಲ್ಲಿ ಬಾರ್ಶಿ, ಹೈದರಾಬಾದ್ ಸೇರಿ ದೇಶದ ಒಂಬತ್ತು ಕಡೆ, ಮೂರು ಡೋಸಿನ ಬದಲು ಎರಡು ಸಾಲವೇ ಎಂದು ತಿಳಿಯಲು ಇಪ್ಪತ್ತು ಸಾವಿರ ಹುಡುಗಿಯರ ಮೇಲೆ ಅಧ್ಯಯನ ಆರಂಭವಾಯಿತು. ಅದೇ ಸಮಯಕ್ಕೆ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾಗಳಲ್ಲಿ ಬೇರೆಯೇ ಸಂಸ್ಥೆಯ ಲಸಿಕಾ ಯೋಜನೆಯಲ್ಲಿ ಏಳು ಹುಡುಗಿಯರು ಸತ್ತ ಸುದ್ದಿ ಬಂತು. ಸಾವಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಾಣಲಿಲ್ಲ. ಆದರೆ ತಂದೆತಾಯಿಯ ಒಪ್ಪಿಗೆಯ ಜಾಗದಲ್ಲಿ ವಸತಿನಿಲಯದ ವಾರ್ಡನ್‌ಗಳು ಸಹಿ ಮಾಡಿದಂಥ ಲೋಪಗಳು ಬಯಲಾದವು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಕಟುವಾಗಿ ಟೀಕಿಸಿತು. ಸರ್ಕಾರ 2010ರ ಏಪ್ರಿಲ್‌ನಲ್ಲಿ ಎಲ್ಲ ಲಸಿಕಾ ಅಧ್ಯಯನಗಳನ್ನೂ ನಿಲ್ಲಿಸಿದ್ದರಿಂದ ಬಾರ್ಶಿಯ ಕಡೆಯ ಅಧ್ಯಯನವೂ ಅರ್ಧಕ್ಕೆ ನಿಂತಿತು. ಸುಮಾರು ಐದು ಸಾವಿರ ಹುಡುಗಿಯರಿಗೆ ಒಂದೇ ಡೋಸು ಸಿಕ್ಕಿತ್ತು.

ಬೇರೆಯವರಾದರೆ ಕಡತ ಮುಚ್ಚುತ್ತಿದ್ದರು. ಇವರು ಆ ಹುಡುಗಿಯರ ಸಂಪರ್ಕ ಬಿಡದೆ ಹತ್ತು ವರ್ಷ ಗಮನಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶ: 16 ಮತ್ತು 18ನೆಯ ಬಗೆಗಳು ಮೈಯಲ್ಲಿ ಉಳಿಯದಂತೆ ತಡೆಯುವಲ್ಲಿ ಒಂದು ಡೋಸು ಶೇಕಡಾ 95ರಷ್ಟು ಪರಿಣಾಮಕಾರಿ, ಎರಡು, ಮೂರು ಡೋಸು ಪಡೆದವರಲ್ಲಿ ಶೇಕಡಾ 93. ಹೆಚ್ಚುಕಡಿಮೆ ಎಲ್ಲವೂ ಒಂದೇ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸನ್ನೂ ಒಪ್ಪಿಕೊಂಡಿತು. ಅದಕ್ಕೆ ಆಫ್ರಿಕಾದ ಅಧ್ಯಯನಗಳ ಜೊತೆಗೆ ನಮ್ಮ ಈ ಹುಡುಗಿಯರ ಸಾಕ್ಷ್ಯವೂ ಆಧಾರ. ಬಡ ದೇಶಗಳಿಗೆಲ್ಲ ಲಸಿಕೆಯ ಖರ್ಚು ಕಡಿಮೆ ಮಾಡುವ ದಾರಿ ತೆರೆಯಿತು. ಈ ಪ್ರಶ್ನೆಯನ್ನು ಹೀಗೆ ಕೇಳಲು ಯಾರೂ ಯೋಜಿಸಿರಲಿಲ್ಲ. ಕಡಿಮೆ ಡೋಸು ಸಾಕೆಂದು ತೋರಿಸಲು ಲಸಿಕೆ ಮಾರುವವನು ತಾನಾಗಿ ಹಣ ಹಾಕುವನೆ ಎಂಬುದನ್ನೂ ಯೋಚಿಸಿ.

ಅದೇ 2022ರಲ್ಲಿ ಪುಣೆಯ ಸೀರಂ ಸಂಸ್ಥೆ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನಿಂದ ತಯಾರಿಸಿದ ದೇಶೀ ಲಸಿಕೆ 'ಸರ್ವಾವ್ಯಾಕ್'ಗೆ ಅನುಮತಿ ಸಿಕ್ಕಿತು. 2024ರ ಮಧ್ಯಂತರ ಬಜೆಟ್ಟಿನಲ್ಲಿ 9ರಿಂದ 14 ವರ್ಷದ ಹುಡುಗಿಯರ ಲಸಿಕೆಗೆ ಪ್ರೋತ್ಸಾಹ ಕೊಡುವುದಾಗಿ ಹಣಕಾಸು ಸಚಿವರು ಹೇಳಿದರು. ಚಿಕ್ಕ ಸಿಕ್ಕಿಂ ರಾಜ್ಯ 2018ರಲ್ಲೇ ಶಾಲೆಗಳ ಮೂಲಕ ಈ ಕೆಲಸ ಮಾಡಿ ತೋರಿಸಿತ್ತು.

ಒಟ್ಟು ದೇಶದ ಲೆಕ್ಕ ನೋಡಿದರೆ, 2020-21ರಲ್ಲಿ ಭಾರತ ಎಲ್ಲ ಬಗೆಯ ಸಂಶೋಧನೆಗೆ ಮಾಡಿದ ಖರ್ಚು ರಾಷ್ಟ್ರೀಯ ಉತ್ಪನ್ನದ ಶೇಕಡಾ 0.64. ನೂರು ರೂಪಾಯಿಗೆ ಅರವತ್ತನಾಲ್ಕು ಪೈಸೆ. ಇದರಲ್ಲೇ ಅಣುಶಕ್ತಿ, ಬಾಹ್ಯಾಕಾಶ, ರಕ್ಷಣೆ ಎಲ್ಲವೂ ಸೇರಿದೆ. ಆದ್ದರಿಂದ ಇಲಿ-ಮೊಲಕ್ಕೆ ಹಣ ಹೋಗಿ ನಿಮ್ಮ ದವಾಖಾನೆಗೆ ಗುಳಿಗೆ ಬರಲಿಲ್ಲ ಎಂಬ ಸಂಶಯ ಬೇಡ. 2023ರಲ್ಲಿ ಸಂಶೋಧನೆಗೆ ಹೊಸ ರಾಷ್ಟ್ರೀಯ ಪ್ರತಿಷ್ಠಾನದ ಕಾನೂನು ಬಂದಾಗ ಐದು ವರ್ಷಕ್ಕೆ 50,000 ಕೋಟಿ ರೂ. ಎಂದು ಘೋಷಿಸಿದರು. ಅದರಲ್ಲಿ ಸುಮಾರು 36,000 ಕೋಟಿ ಸರ್ಕಾರೇತರ ಮೂಲಗಳಿಂದ ಬರಬೇಕೆಂಬ ಲೆಕ್ಕ. ಖಾಸಗಿಯವರು ಹಣ ಹಾಕಲಿ, ಸಂತೋಷ. ಆದರೆ ಗಿರಾಕಿ ಇಲ್ಲ ಎಂದು ತ್ಸುರ್ ಹೌಸೆನ್‌ರಿಗೆ ಹೇಳಿ ಕಳಿಸಿದ ಉತ್ತರ ನೆನಪಿದ್ದವರಿಗೆ, ಆ ಹಣ ಚಿಂಚೋಳಿಯ ತಾಂಡಾದ ಹೆಂಗಸಿನ ರೋಗದ ಕಡೆ ಹರಿದೀತೆಂಬ ಭರವಸೆ ಮೂಡುವುದು ಕಷ್ಟ.

ಹಣ ಕೊಟ್ಟ ಮೇಲೆ ಫಲ ಯಾರ ಕೈಗೆ ಸಿಗಬೇಕು ಎಂಬುದೂ ಇದೆ. ಕೋಳಿಯ ವೈರಸ್ಸಿನಿಂದಲೇ ಕ್ಯಾನ್ಸರ್ ವಂಶವಾಹಿಯ ಮೂಲ ಕಂಡು 1989ರಲ್ಲಿ ನೊಬೆಲ್ ಪಡೆದ ಹೆರಾಲ್ಡ್ ವಾರ್ಮಸ್ 1993ರಿಂದ 1999ರವರೆಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ನಿರ್ದೇಶಕರಾಗಿದ್ದರು. ಸಾಹಿತ್ಯ ಓದಿ ಆಮೇಲೆ ವೈದ್ಯಕೀಯಕ್ಕೆ ಬಂದವರು. ಜನರ ಹಣದಿಂದ ನಡೆದ ಸಂಶೋಧನೆಯನ್ನು ಜನರು ಪುಕ್ಕಟೆ ಓದುವಂತಿರಬೇಕು ಎಂಬುದು ಅವರ ಹಟ. ಅದರ ಫಲವಾಗಿ 2000ದಲ್ಲಿ ವೈದ್ಯಕೀಯ ಲೇಖನಗಳ ಮುಕ್ತ ಭಂಡಾರ ಆರಂಭವಾಯಿತು. ಕಲಬುರಗಿಯ ವೈದ್ಯಕೀಯ ವಿದ್ಯಾರ್ಥಿಗೆ ಇದು ಸಣ್ಣ ಮಾತಲ್ಲ. ಉಸ್ಮಾನಾಬಾದಿನ ಮಹಿಳೆಯರ ಬಗ್ಗೆ ಬರೆದ ಲೇಖನವನ್ನು ಡಾಲರ್ ಕೊಟ್ಟು ಓದಬೇಕಾದರೆ ಅದಕ್ಕಿಂತ ವಿಪರೀತ ಯಾವುದು?

ಕೊನೆಗೆ ಉಳಿಯುವುದು ಪ್ರಯೋಗಾಲಯದಿಂದ ನಿಮ್ಮ ಊರಿನವರೆಗಿನ ದಾರಿ. 30ರಿಂದ 65 ವರ್ಷದ ಎಲ್ಲ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಗರ್ಭಕಂಠವನ್ನು ವಿನೆಗರ್ ಪರೀಕ್ಷೆಯಿಂದ ನೋಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದವರಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಆಗಿದೆ ಎಂದವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇರಲಿಲ್ಲ. ಬಾರ್ಶಿಯಲ್ಲಿ ಸಾಬೀತಾದದ್ದು 2009ರಲ್ಲಿ. ಹತ್ತು ವರ್ಷದ ಮೇಲೂ ಇದು ಸ್ಥಿತಿ. ಆರಂಭದಲ್ಲಿ ಸಂಶೋಧನೆಗೆ ಹಣ ಕೊಡುವುದು ಎಷ್ಟು ಮುಖ್ಯವೋ ಈ ಕೊನೆಯ ದಾರಿಗೆ ಕೊಡುವುದೂ ಅಷ್ಟೇ ಮುಖ್ಯ. ಪೇಟೆ ಕೈಬಿಡುವುದು ಈ ಎರಡು ತುದಿಗಳಲ್ಲೇ. ನೀವು ಕೇಳಿದ ಪ್ರಶ್ನೆಯಲ್ಲಿ 'ದವಾಖಾನ್ಯಾಗ ಡಾಕ್ಟರ್ ಇಲ್ಲ' ಎಂಬ ಭಾಗ ಪೂರ್ತಿ ನ್ಯಾಯವಾದದ್ದು.

ಆದ್ದರಿಂದ ಮನೆಯಲ್ಲಿ 30 ದಾಟಿದ ತಾಯಿ, ಅಕ್ಕ, ಅತ್ತಿಗೆ ಇದ್ದರೆ ಅವರಿಗೆ ಈ ಪುಟ ಓದಿ ಹೇಳಿ. ಮುಟ್ಟಿನ ನಡುವೆ, ಕೂಡಿದ ಮೇಲೆ, ಇಲ್ಲವೆ ಮುಟ್ಟು ನಿಂತ ಬಳಿಕ ರಕ್ತ ಕಂಡರೆ, ವಾಸನೆಯ ಬಿಳಿ ಸೆರಗು ನಿಲ್ಲದಿದ್ದರೆ ಕಾಯಬಾರದು. ಏನೂ ತೊಂದರೆ ಇಲ್ಲದಿದ್ದರೂ ಪರೀಕ್ಷೆ ಬೇಕು. ಅದು ಇರುವುದೇ ತೊಂದರೆ ಇಲ್ಲದವರಿಗಾಗಿ. ಆಶಾ ಕಾರ್ಯಕರ್ತೆಯನ್ನು, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಮ್ಮನವರನ್ನು ಕೇಳಿ: "ಗರ್ಭಚೀಲದ ಬಾಯಿ ತಪಾಸಣಾ ಯಾವ ದಿನ ಮಾಡ್ತೀರಿ? ಹುಡುಗಿಯರ ಲಸಿಕಿ ಎಲ್ಲಿ ಸಿಗ್ತದ್ರಿ?" ಅಲ್ಲಿ ಇಲ್ಲವೆಂದರೆ ಸೇಡಂ, ಚಿತ್ತಾಪುರ, ಚಿಂಚೋಳಿಗಳ ತಾಲೂಕು ಆಸ್ಪತ್ರೆಯಲ್ಲಿ ಕೇಳಿ. ಅಲ್ಲೂ ಇಲ್ಲವೆಂದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ನಡಾವಳಿಯಲ್ಲಿ ಬರೆಸಿ. ದೋಷ ಕಂಡರೆ ಮುಂದಿನ ಚಿಕಿತ್ಸೆಗೆ ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ. ಪರೀಕ್ಷೆಗೆ ಹತ್ತು ನಿಮಿಷ ಸಾಕು. ಸೂಜಿ ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ; ಸ್ವಲ್ಪ ಉರಿದಂತಾಗಬಹುದು. ಹೆಣ್ಣುಮಕ್ಕಳೇ ನೋಡಲಿ ಎಂದು ಕೇಳುವ ಹಕ್ಕು ನಿಮಗಿದೆ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಅವರದ್ದೂ ಪರೀಕ್ಷೆ ಆಗದೇ ಇದ್ದರೆ ಅದೇ ದಿನ ಮಾಡಿಸಿಕೊಂಡು ಬರಲಿ.